ನಾಲ್ಕನೇ ಪ್ಯಾರಾ

ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಇತ್ತು. ವಿವೇಚನಾಧಿಕಾರ ಎಂದು ಬರೆಯಬೇಕಾದ ಕಡೆ ಇಬ್ಬರೂ ವಿಮೋಚನಾಧಿಕಾರ ಎಂದು ಬರೆದಿದ್ದರು. ಆ ಒಂದು ಮಾತಷ್ಟೇ ಆಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅದರ ಹಿಂದಿನ ಪ್ಯಾರಾಗಳು, ಮುಂದಿನ ಪ್ಯಾರಾಗಳು, ನಡುವಿನ ಅಲ್ಪವಿರಾಮಗಳು ಕೂಡ ಒಂದೇ ಆಗಿದ್ದವು. ಒಂದು ಪತ್ರಿಕೆ ಹಾಜರಾಳದು, ಇನ್ನೊಂದು ಮೈತ್ರಿಯದು. ಇಬ್ಬರೂ ಭದ್ರಾವತಿಯವರು, ಶಿವಮೊಗ್ಗದ ಕಾನೂನು ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಬರುವವರು. ಎಲ್‌ಎಲ್‌ಎಂ ಕೊನೆಯ ಸೆಮಿಸ್ಟರಿನ ಪರೀಕ್ಷೆಯಲ್ಲಿ ಹಿಂದು ಮುಂದಿನ ಬೆಂಚಿನಲ್ಲಿ ಕೂತವರು.

ಪರೀಕ್ಷಾ ವಿಭಾಗದ ಗುಮಾಸ್ತ ನಾಗೇಶ್ ಫೋನ್ ಮಾಡಿದಾಗ ಹಾಜರಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮೇಡಂ, ನಿಮ್ದು ಎಂಪಿಸಿ ಆಗಿದೆ."

"ಏನಾಗಿದೆ ಸರ್?"

"ಮಾಲ್‌ಪ್ರಾಕ್ಟೀಸ್ ಕೇಸು ಮೇಡಂ. ಕಾಪಿ. ಆಡಳಿತ ಕಾನೂನು ಪೇಪರ್ರು. ಸೋಮವಾರ ಕಮಿಟಿ ಮುಂದೆ ಬರ್ಬೇಕು. ನಿಮ್ ಫ್ರೆಂಡಿಗೂ ಹೇಳಿದೀನಿ, ಅವ್ರು ಆಗ್ಲೇ ಅಳ್ತಾ ಇದ್ರು. ನೀವು ಅಳಲ್ವಾ?"

ಹಾಜರಾ ಅಳಲಿಲ್ಲ. ಮೊರದ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ನಾಗೇಶ್ ಮೇಲಿಂದ ಮೇಲೆ ಹಲೋ ಎಂದ, ಆಮೇಲೆ ಇಟ್ಟ.

ಕಾಲೇಜಿನ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಎರಡು ವರ್ಷದ ಓದನ್ನು ನಾಲ್ಕು ವರ್ಷದೊಳಗೆ ಮುಗಿಸಬೇಕು. ಬಿದ್ದ ವಿಷಯವನ್ನು ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಆದರೆ ನಾಲ್ಕು ವರ್ಷ ದಾಟಿದರೆ ಹೊತ್ತದ್ದೂ ಹೋಯಿತು, ಗೆದ್ದದ್ದೂ ಹೋಯಿತು. ಮತ್ತೆ ಮೊದಲ ಸೆಮಿಸ್ಟರಿನಿಂದ ಹೊಸದಾಗಿ ಸೇರಬೇಕು. ನಡುವೆ ಅಮ್ಮ ಕಾಯಿಲೆ ಬಿದ್ದು, ತೀರಿಕೊಂಡು, ಅವಳು ಪರೀಕ್ಷೆಗಳನ್ನು ಬಿಟ್ಟಿದ್ದಳು. ಉಳಿದದ್ದನ್ನೆಲ್ಲ ಒಂದೊಂದಾಗಿ ಪಾಸು ಮಾಡಿಕೊಂಡಿದ್ದಳು. ಪ್ರಬಂಧ ಒಪ್ಪಿಸಿ ಮೌಖಿಕ ಪರೀಕ್ಷೆಯನ್ನೂ ಮುಗಿಸಿದ್ದಳು. ಆಡಳಿತ ಕಾನೂನೊಂದೇ ಬಾಕಿ. ಇಂಗ್ಲಿಷಿನಲ್ಲಿ ಬರೆದು ಎರಡು ಬಾರಿ ಬಿದ್ದು, ಈ ಬಾರಿ ಮೈತ್ರಿಯ ಜೊತೆ ಮತ್ತೆ ತರಗತಿಗೆ ಕೂತು ಕನ್ನಡದಲ್ಲಿ ಬರೆದಿದ್ದಳು. ನಕಲು ಮಾಡಿದರೆಂದು ತೀರ್ಮಾನವಾದವರ ಆ ಪರೀಕ್ಷೆ ರದ್ದು, ಮುಂದಿನ ಪರೀಕ್ಷೆಗೂ ಕೂರುವಂತಿಲ್ಲ. ಅವಳಿಗೆ ಇದ್ದದ್ದೇ ಆ ಮುಂದಿನ ಒಂದು ಪರೀಕ್ಷೆ. ಅಷ್ಟರಲ್ಲಿ ನಾಲ್ಕು ವರ್ಷ ಮುಗಿಯುತ್ತಿತ್ತು.

ನಕಲು ಯಾರೂ ಮಾಡಿರಲಿಲ್ಲ. ಕಲಿತ ರೀತಿ ಹಾಗಿತ್ತು.

ಹಾಜರಾಳ ಅಪ್ಪ ರಹೀಂ ಚನ್ನಗಿರಿ ರಸ್ತೆಯಲ್ಲಿ ಬೈಕ್ ರಿಪೇರಿ ಮಾಡುವವನು. ಕುರಾನನ್ನು ಮೊದಲಿಂದ ಕೊನೆಯವರೆಗೆ ಎದೆಯಲ್ಲಿಟ್ಟುಕೊಂಡವನು. ರಂಜಾನಿನ ತಿಂಗಳು ಮಸೀದಿಯಲ್ಲಿ ಓದುವ ಇಮಾಮರ ಬೆನ್ನ ಹಿಂದೆ ಅವನು ನಿಲ್ಲುತ್ತಿದ್ದ. ಓದುವವರು ಎಲ್ಲಾದರೂ ತಡವರಿಸಿದರೆ ಹಿಂದಿನಿಂದ ಮುಂದಿನ ಮಾತನ್ನು ಎತ್ತಿಕೊಡುವುದು ಅವನ ಕೆಲಸ. ಅದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಒಂದೇ ಒಂದು ಮಾತಿನ ತುತ್ತು ಬಾಯಿಗೆ ಬಿದ್ದರೆ ಸಾಕು, ಓದು ಮತ್ತೆ ಹೊಳೆಯ ಹಾಗೆ ಹರಿಯುತ್ತದೆ. ಮನೆಯಲ್ಲಿ ಅಪ್ಪ ಓದುವುದನ್ನು ಕೇಳುತ್ತಾ ಬೆಳೆದ ಹಾಜರಾಳಿಗೆ ಕಣ್ಣಿನಿಂದ ಓದಿದ್ದು ನಿಲ್ಲುತ್ತಿರಲಿಲ್ಲ. ಕಿವಿಯಿಂದ ಬಂದು ಬಾಯಿಯಿಂದ ಹೋದದ್ದು ಮಾತ್ರ ನಿಲ್ಲುತ್ತಿತ್ತು.

ಲಕ್ಷ್ಮೀಕಾಂತ ಸರ್ ತರಗತಿಯಲ್ಲಿ ನೋಟ್ಸ್ ಹೇಳಿ ಬರೆಸುತ್ತಿದ್ದರು. ದವಡೆಯಲ್ಲಿ ಎಲೆಅಡಿಕೆ, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಉಳಿದವರೆಲ್ಲ ಬರೆದುಕೊಂಡರೆ ಹಾಜರಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅಡಿಕೆಯ ನಡುವೆ ಹೊರಟ ವಿವೇಚನೆ ಅವಳ ಕಿವಿಗೆ ವಿಮೋಚನೆಯಾಗಿ ಬಂತು. ಬಿಡುಗಡೆ ಮಾಡುವ ಅಧಿಕಾರ. ಅಧಿಕಾರಿಗೆ ಅಂಥದ್ದೊಂದು ಅಧಿಕಾರ ಇರುವುದು ಅವಳಿಗೆ ಸರಿಯಾಗಿಯೇ ಕಂಡಿತು. ಹಾಗೆಯೇ ಬಾಯಿಪಾಠ ಮಾಡಿದಳು.

ಮಾಡಿದ್ದು ಬಸ್ಸಿನಲ್ಲಿ. ಭದ್ರಾವತಿಯ ಸ್ಟ್ಯಾಂಡಿನಲ್ಲಿ ಕೂತ ತಕ್ಷಣ ಮೊದಲ ಪ್ಯಾರಾ: "ಸಹಜ ನ್ಯಾಯವೆಂಬುದು ಬರೆದ ಕಾನೂನಿಗಿಂತ ಹಳೆಯದು." ಕಡದಕಟ್ಟೆಯ ಗೇಟು ದಾಟಿದರೆ ಎರಡನೆಯದು. ಮಾಚೇನಹಳ್ಳಿಯ ಕಾರ್ಖಾನೆಗಳ ಹತ್ತಿರ ಮೂರನೆಯದು. ನಿದಿಗೆ ಕೆರೆ ಕಂಡಾಗ ನಾಲ್ಕನೆಯದು: "ಎಲ್ಲಿ ಕಾನೂನು ಮೌನವಾಗಿರುವುದೋ ಅಲ್ಲಿ ಅಧಿಕಾರಿಯ ವಿಮೋಚನಾಧಿಕಾರ ಮಾತನಾಡುವುದು." ಮಲವಗೊಪ್ಪದಲ್ಲಿ ಐದು. ವಿದ್ಯಾನಗರ ಬಂದು ಹೊಳೆ ಸೇತುವೆ ಹತ್ತುವಷ್ಟರಲ್ಲಿ ಉತ್ತರ ಮುಗಿಯುತ್ತಿತ್ತು. ದಿನಾ ಅದೇ ಧಾಟಿ, ಅದೇ ನಿಲುಗಡೆ.

ಮೈತ್ರಿ ನ್ಯೂಟೌನಿನವಳು. ಅವಳಪ್ಪ ಸುಬ್ಬಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಕೆಲಸ ಕಳೆದುಕೊಂಡವರು. ಮೊದಮೊದಲು ಅವಳು ಪಕ್ಕದಲ್ಲಿ ಕೂತು ನಗುತ್ತಿದ್ದಳು.

"ಇದೇನೇ ಮಾರಾಯ್ತಿ, ಕಾನೂನಿಗೂ ರಾಗ ಹಾಕ್ತೀಯಾ? ಕಂಡಕ್ಟರ್ರು ಭಿಕ್ಷೆ ಹಾಕ್ತಾನೆ ನೋಡು."

"ಹಾಕಿದ್ರೆ ನಿಂಗೂ ಅರ್ಧ ಕೊಡ್ತೀನಿ. ನಾನು ನಿಂತ್ರೆ ಲುಕ್ಮಾ ಕೊಡು, ಸಾಕು."

"ಏನು ಕೊಡ್ಲಿ?"

ಹಾಜರಾ ಹೇಳಿಕೊಟ್ಟಿದ್ದಳು. ಕೇಳುತ್ತಾ ಕೇಳುತ್ತಾ ಮೈತ್ರಿಗೂ ಎಲ್ಲಾ ಬಾಯಿಗೆ ಬಂತು. ತನ್ನದೇ ನೋಟ್ಸಿನಲ್ಲಿ ವಿವೇಚನಾಧಿಕಾರ ಎಂದು ಸರಿಯಾಗಿಯೇ ಇದ್ದರೂ ಅವಳು ಅದನ್ನು ತೆಗೆದು ನೋಡುವುದನ್ನೇ ಬಿಟ್ಟಿದ್ದಳು. "ನಿನ್ ಬಾಯಿಂದ ಕೇಳಿದ್ರೆ ಮರೆಯಲ್ಲ ಕಣೆ. ಅಪ್ಪನ ಆಣೆ," ಎನ್ನುತ್ತಿದ್ದಳು. ಒಂದು ವ್ಯತ್ಯಾಸವಿತ್ತು. ಮೈತ್ರಿಯ ಕಣ್ಣಿಗೂ ಓದು ಹತ್ತುತ್ತಿತ್ತು; ಅವಳು ಎಲ್ಲಿಂದ ಬೇಕಾದರೂ ಹಿಡಿಯಬಲ್ಲವಳಾಗಿದ್ದಳು. ಹಾಜರಾ ಮೊದಲಿಂದ ಹೊರಡಬೇಕಿತ್ತು. ನಡುವಿನಿಂದ ಎನ್ನುವುದು ಅವಳಿಗೆ ಇರಲೇ ಇಲ್ಲ. ಆದರೆ ಪ್ಯಾರಾದ ಮೊದಲ ಮಾತು ಯಾರಾದರೂ ಕೊಟ್ಟರೆ ಸಾಕಿತ್ತು. ಮೈತ್ರಿ ಇದನ್ನು ಆಟವಾಗಿ ಮಾಡಿಕೊಂಡಿದ್ದಳು. ಬಸ್ಸು ತುಂಬಿ ಇಬ್ಬರೂ ದೂರ ನಿಂತಾಗ ಅಲ್ಲಿಂದಲೇ "ಎಲ್ಲಿ" ಎಂದು ಕೂಗುವಳು. ಜನ ತಮ್ಮನ್ನು ಯಾವ ಊರು ಎಂದು ಕೇಳಿದರೇನೋ ಎಂದು ತಿರುಗಿ ನೋಡುವರು. ಹಾಜರಾ ಇಲ್ಲಿಂದ ನಾಲ್ಕನೇ ಪ್ಯಾರಾ ಒಪ್ಪಿಸುವಳು.

ಸೋಮವಾರ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಬಂದರು. ಮೈತ್ರಿಯ ಕಣ್ಣು ಊದಿಕೊಂಡಿತ್ತು.

"ಏನ್ ಹೇಳೋಣ್ವೇ?"

"ಇದ್ದದ್ದು ಹೇಳೋಣ," ಎಂದಳು ಹಾಜರಾ. "ಒಟ್ಟಿಗೆ ಕಲ್ತಿದೀವಿ. ಬೇಕಾದ್ರೆ ಅಲ್ಲೇ ಒಪ್ಪಿಸ್ತೀವಿ ಅನ್ನೋಣ."

"ನಂಬ್ತಾರಾ?"

"ಒಪ್ಪಿಸಿದ ಮೇಲೆ ನಂಬದೆ ಏನ್ಮಾಡ್ತಾರೆ?"

ಮೈತ್ರಿ ಕಿಟಕಿಯ ಹೊರಗೆ ನೋಡಿದಳು. "ನಂಗೆ ಗೆಸ್ಟ್ ಲೆಕ್ಚರರ್ ಪೋಸ್ಟ್ ಕೊಡ್ತೀನಿ ಅಂದಿದಾರೆ ಪ್ರಿನ್ಸಿಪಾಲ್ ಮೇಡಂ. ಕೇಸು ಬಿದ್ರೆ ಅದು ಹೋಯ್ತು. ಅಪ್ಪ ಆಗ್ಲೇ ಬೀದಿಗೆಲ್ಲಾ ಹೇಳ್ಕೊಂಡು ಬಂದಿದಾರೆ."

"ಹೋಗಲ್ಲ ಸುಮ್ನಿರೇ. ನಾನು ನಿಂತ್ರೆ ನೀನಿದೀಯಲ್ಲ."

"ಹೂಂ. ಇದೀನಿ," ಎಂದಳು ಮೈತ್ರಿ.

ಕಮಿಟಿ ಕೂತದ್ದು ಪ್ರಾಂಶುಪಾಲರ ಕೋಣೆಯಲ್ಲಿ. ಪ್ರಾಂಶುಪಾಲರಾದ ಬಸವರಾಜೇಶ್ವರಿ ಮೇಡಂ ಅಧ್ಯಕ್ಷರು. ಪತ್ರಿಕೆ ತಿದ್ದಿ ದೂರು ಕೊಟ್ಟ ಲಕ್ಷ್ಮೀಕಾಂತ ಸರ್ ಸದಸ್ಯರು. ದೂರು ಕೊಟ್ಟವನೇ ತೀರ್ಪು ಕೊಡಲು ಕೂರಬಾರದೆಂದು ಅವರೇ ಎರಡನೇ ಪ್ಯಾರಾದಲ್ಲಿ ಬರೆಸಿದ್ದರು. ಮೊದಲು ಮೈತ್ರಿಯನ್ನು ಕರೆದರು. ಹಾಜರಾ ಹೊರಗೆ ಬೆಂಚಿನ ಮೇಲೆ ಕೂತಳು. ಬಾಗಿಲು ಮುಚ್ಚಿತ್ತು. ಒಳಗಿಂದ ಮೊದಲು ಅಳು ಕೇಳಿಸಿತು, ಆಮೇಲೆ ಮೇಡಂ ಸಮಾಧಾನ ಮಾಡುವ ದನಿ, ಆಮೇಲೆ ಚಹಾದ ಲೋಟ ಇಟ್ಟ ಸದ್ದು. ಚಹಾ ಕೊಟ್ಟರಲ್ಲ, ಒಳ್ಳೆಯದಾಗುತ್ತದೆ ಎಂದುಕೊಂಡಳು ಹಾಜರಾ.

ನಾಗೇಶ್ ಬಾಗಿಲು ತೆರೆದು ತಲೆ ಆಡಿಸಿದ. ಒಳಗೆ ಮೈತ್ರಿ ಮೇಜಿನ ಆ ಬದಿಗೆ, ಲಕ್ಷ್ಮೀಕಾಂತ ಸರ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಈ ಬದಿಯಲ್ಲಿ ಕುರ್ಚಿ ಇರಲಿಲ್ಲ.

"ನೋಡಮ್ಮಾ," ಎಂದರು ಬಸವರಾಜೇಶ್ವರಿ ಮೇಡಂ, "ನಾವ್ಯಾರೂ ನಿನ್ನ ಶತ್ರುಗಳಲ್ಲ. ನೀನು ಇವಳ ಹಿಂದಿನ ಬೆಂಚಲ್ಲಿ ಕೂತಿದ್ದೆ. ಅವಳು ಹೋದ ಸೆಮಿಸ್ಟರ್ ಫಸ್ಟ್ ಬಂದವಳು. ನೀನು ಇದೇ ಪೇಪರ್ ಎರಡು ಸಲ ಫೇಲ್. ಯಾರು ಯಾರದ್ದು ನೋಡಿ ಬರೆದ್ರು ಅಂತ ನಾವು ಹೇಳ್ಬೇಕಾ, ನೀನೇ ಹೇಳ್ತೀಯಾ?"

"ಯಾರೂ ನೋಡಿ ಬರೆದಿಲ್ಲ ಮೇಡಂ. ನಾವಿಬ್ರೂ ಒಟ್ಟಿಗೆ ಬಾಯಿಪಾಠ ಮಾಡಿದ್ದು. ಮೈತ್ರಿ ಹೇಳಿಲ್ವಾ?"

ಮೈತ್ರಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅವಳು ಹೇಳಿದ್ದು, ಅವಳು ಬಸ್ಸಲ್ಲಿ ಓದ್ತಿದ್ದಳು, ನೀನು ಕೇಳ್ತಿದ್ದೆ ಅಂತ," ಎಂದರು ಲಕ್ಷ್ಮೀಕಾಂತ ಸರ್. "ಪರೀಕ್ಷೆಲಿ ಏನಾಯ್ತೋ ತನಗೆ ಗೊತ್ತಿಲ್ಲ, ತಾನು ತಿರುಗಿ ನೋಡ್ಲಿಲ್ಲ ಅಂತ. ಒಳ್ಳೇ ಹುಡುಗಿ. ಗೆಳತಿ ಮೇಲೆ ದೂರು ಹೇಳಕ್ಕೂ ಸಂಕೋಚ."

ಹಾಜರಾ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಓದುತ್ತಿದ್ದವಳು ಅವಳು. ಕೇಳುತ್ತಿದ್ದವಳು ನಾನು. ಆ ಎರಡು ಮಾತು ಅದಲುಬದಲಾಗಿದ್ದವು, ಬೇರೆ ಏನೂ ಇಲ್ಲ.

"ನಾನು ಒಪ್ಪಿಸ್ತೀನಿ ಮೇಡಂ. ಈಗ್ಲೇ. ಪೂರ್ತಿ ಉತ್ತರ."

"ಒಪ್ಪಿಸು," ಎಂದರು ಮೇಡಂ. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ.

ಹಾಜರಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. "ಸಹಜ ನ್ಯಾಯವೆಂಬುದು ಬರೆದ ಕಾನೂನಿಗಿಂತ ಹಳೆಯದು. ಎದುರಿನವನ ಮಾತನ್ನು..."

"ತಡಿ, ತಡಿ." ಲಕ್ಷ್ಮೀಕಾಂತ ಸರ್ ಕೈ ಎತ್ತಿದರು. "ಇದು ಬೇಡ. ಮೊದಲನೇ ಪ್ಯಾರಾ ಯಾರು ಬೇಕಾದ್ರೂ ನೆನ್ನೆ ಕೂತು ಉರು ಹೊಡ್ಕೊಂಡು ಬರ್ತಾರೆ. ನಾನು ಈ ಆಟ ಎಲ್ಲಾ ನೋಡಿದೀನಿ. ನಾಲ್ಕನೇ ಪ್ಯಾರಾ ಹೇಳು. ಆ ವಿಮೋಚನೆ ಇದೆಯಲ್ಲ, ಅದು."

"ಮೊದಲಿಂದ ಹೇಳಿದ್ರೆ ಅದೂ ಬರುತ್ತೆ ಸರ್."

"ಕೋರ್ಟಲ್ಲಿ ಜಡ್ಜು ಸೆಕ್ಷನ್ ಕೇಳಿದ್ರೆ ಪೀಠಿಕೆಯಿಂದ ಶುರು ಮಾಡ್ತೀಯಾ?"

"ನಂಗೆ ಹಾಗೇ ಬರೋದು ಸರ್. ಒಂದೇ ಒಂದ್ಸಲ ಬಿಡಿ."

"ಇನ್ನೂ ಎಷ್ಟೋ ಕೇಸಿದೆಯಮ್ಮಾ ನಮಗೆ," ಎಂದರು ಮೇಡಂ. "ಬಂದ್ರೆ ಹೇಳು, ಇಲ್ಲಾಂದ್ರೆ ಬಿಡು."

ಹಾಜರಾ ಮನಸ್ಸಿನಲ್ಲೇ ಬಸ್ಸು ಹತ್ತಿದಳು. ಸ್ಟ್ಯಾಂಡು ಬಿಟ್ಟಳು. ಕಡದಕಟ್ಟೆ ದಾಟಿದಳು. ಆತುರದಲ್ಲಿ ಬಸ್ಸು ಹೇಗೆ ಹೇಗೋ ಓಡುತ್ತಿತ್ತು. ಮಾಚೇನಹಳ್ಳಿಯಲ್ಲಿ ಮೂರನೇ ಪ್ಯಾರಾ ಅರ್ಧಕ್ಕೆ ಬಂದಿತ್ತು. ತುಟಿ ಅಲುಗುತ್ತಿದ್ದದ್ದು ಅವಳಿಗೆ ತಿಳಿದಿರಲಿಲ್ಲ.

"ಏನದು, ಮಂತ್ರ ಹಾಕ್ತಿದಾಳಾ?" ಎಂದರು ಲಕ್ಷ್ಮೀಕಾಂತ ಸರ್. "ನಾಗೇಶಾ, ಹುಷಾರು ಕಣಯ್ಯಾ, ಕಪ್ಪೆ ಆಗ್ಬಿಟ್ಟೀಯಾ."

ಬಾಗಿಲ ಬಳಿ ನಿಂತಿದ್ದ ನಾಗೇಶ್ ಕಿಸಕ್ಕೆಂದ. ಮೂರನೇ ಪ್ಯಾರಾ ಕೈಬಿಟ್ಟು ಹೋಯಿತು. ಬಸ್ಸೂ ಇಲ್ಲ, ದಾರಿಯೂ ಇಲ್ಲ. ಮತ್ತೆ ಮೊದಲಿಂದ ಹೊರಟಳು. ಕಡದಕಟ್ಟೆಗೆ ಬರುವ ಮುಂಚೆಯೇ ನಿಂತಿತು. ಕಣ್ಣು ತೆರೆದಳು. ಎದುರಿಗೆ ಮೈತ್ರಿ ಇದ್ದಳು.

ಹಾಜರಾ ಅವಳನ್ನೇ ನೋಡಿದಳು. ಒಂದು ಮಾತು. ಎರಡೇ ಅಕ್ಷರದ್ದು. ಕೆಮ್ಮಿನ ಹಾಗೆ ಹೇಳಿದರೂ ಸಾಕು. ಬಿಡು, ತುಟಿ ಆಡಿಸಿದರೂ ಸಾಕು.

ಮೈತ್ರಿಗೆ ಅದು ಗೊತ್ತಿತ್ತು. ಲೋಟವನ್ನು ತುಟಿಗೆತ್ತಿಕೊಂಡಳು. ಚಹಾ ನುಂಗಿದಳು.

"ಬರಲ್ಲ ಅಂತಾಯ್ತು," ಎಂದರು ಲಕ್ಷ್ಮೀಕಾಂತ ಸರ್. "ನೀನು ಹೇಳಮ್ಮಾ ಮೈತ್ರಿ. ನಾಲ್ಕನೇ ಪ್ಯಾರಾ."

ಮೈತ್ರಿ ಲೋಟ ಕೆಳಗಿಟ್ಟಳು. ಮೇಜಿನ ಅಂಚನ್ನು ನೋಡುತ್ತಾ ಶುರುಮಾಡಿದಳು. "ಎಲ್ಲಿ ಕಾನೂನು ಮೌನವಾಗಿರುವುದೋ..."

ಹಾಜರಾಳ ಧಾಟಿಯೇ ಅದು. ಹಾಜರಾ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ಉಸಿರು, ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆತ. ಮೊದಲ ಮಾತು ಕಿವಿಗೆ ಬಿದ್ದದ್ದೇ ಹಾಜರಾಳ ಬಾಯಿ ತಾನಾಗಿ ತೆರೆದುಕೊಂಡಿತು. ತಡೆಯಬೇಕೆಂದು ಅವಳಿಗೆ ತೋಚಲೂ ಇಲ್ಲ. ಎಷ್ಟೋ ಬೆಳಗು ಹರಿದ ದಾರಿಯಲ್ಲಿ ಅದು ಹರಿಯಿತು. ಮೈತ್ರಿಯ ದನಿಯ ಹಿಂದೆಯೇ, ಒಂದು ಮಾತಿನಷ್ಟು ತಡವಾಗಿ, ಅವಳೂ ಹೇಳತೊಡಗಿದಳು: "...ಅಲ್ಲಿ ಅಧಿಕಾರಿಯ ವಿಮೋಚನಾಧಿಕಾರ ಮಾತನಾಡುವುದು. ಆದರೆ ಎದುರಿನವನನ್ನು ಆಲಿಸದೆ ಆಡಿದ ಮಾತು ಆದೇಶವೆನಿಸದು..."

ಬಸವರಾಜೇಶ್ವರಿ ಮೇಡಂ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ನೋಡಿದ್ರಾ ಸರ್? ನಮ್ಮೆದುರಿಗೇ."

"ಇದಕ್ಕಿಂತ ಸಾಕ್ಷಿ ಬೇಕಾ ಮೇಡಂ? ಈಗ್ಲೂ ಅವಳು ಹೇಳಿದ್ದನ್ನೇ ಹಿಂದಿನಿಂದ ಹಿಡೀತಿದಾಳೆ. ಪರೀಕ್ಷೆಲೂ ಹೀಗೇ ಆಗಿರೋದು."

ಮೈತ್ರಿ ಮೊದಲು ನಿಲ್ಲಿಸಿದಳು. ಹಾಜರಾ ಅವಳ ನಂತರ ನಿಲ್ಲಿಸಿದ್ದೂ ಆ ಕೋಣೆಯಲ್ಲಿ ಸಾಕ್ಷಿಯೇ ಆಯಿತು.

"ಅದಿರ್ಲಿ, ಈ ವಿಮೋಚನೆ ಎಲ್ಲಿಂದ ಬಂತು ಮಾರಾಯ್ತಿ?" ಲಕ್ಷ್ಮೀಕಾಂತ ಸರ್ ಮೈತ್ರಿಯ ಕಡೆ ತಿರುಗಿ ನಕ್ಕರು. "ನಾನು ಬರೆಸಿದ್ದು ವಿವೇಚನೆ ಅಲ್ವಾ?"

"ನಂಗೆ ಹಾಗೆ ಕೇಳಿಸ್ತು ಸರ್. ಫ್ಯಾನ್ ಸದ್ದಿತ್ತು. ನನ್ನದೇ ತಪ್ಪು."

ಆ ತಪ್ಪನ್ನೂ ಅವಳು ತೆಗೆದುಕೊಂಡಳು. ಹಾಜರಾಳ ಹತ್ತಿರ ತನ್ನದೆಂದು ಹೇಳಿಕೊಳ್ಳಲು ಉಳಿದಿದ್ದದ್ದು ಅದೊಂದೇ ಆಗಿತ್ತು.

"ನನ್ನ ಫೋನಲ್ಲಿ ಸರ್ ಪಾಠ ಇದೆ ಮೇಡಂ," ಎಂದಳು ಹಾಜರಾ. "ಕೇಳಿ ನೋಡಿ. ಸರ್ ಬಾಯಲ್ಲೇ ಹಾಗೆ ಬಂದಿದೆ."

ಲಕ್ಷ್ಮೀಕಾಂತ ಸರ್ ನಗು ನಿಲ್ಲಿಸಿದರು. "ನನ್ನ ಕ್ಲಾಸು ರೆಕಾರ್ಡ್ ಮಾಡ್ಕೊಂಡಿದೀಯಾ? ಯಾರನ್ನ ಕೇಳಿ ಮಾಡ್ಕೊಂಡೆ?"

ಆಮೇಲೆ ಮಾತೆಲ್ಲ ಅದರ ಮೇಲೆಯೇ ಹೋಯಿತು. ಅನುಮತಿಯಿಲ್ಲದ ಧ್ವನಿಮುದ್ರಣ ಶಿಸ್ತು ಉಲ್ಲಂಘನೆ ಎಂದು ಮೇಡಂ ಬರೆದುಕೊಂಡರು. ಫೋನನ್ನು ಯಾರೂ ಕೇಳಲಿಲ್ಲ.

ಅದೇ ವಾರ ಆದೇಶ ಬಂತು. ಮೈತ್ರಿಯ ಫಲಿತಾಂಶದ ತಡೆ ತೆಗೆದಿತ್ತು. ಹಾಜರಾಳ ಪರೀಕ್ಷೆ ರದ್ದಾಗಿತ್ತು, ಮುಂದಿನ ಪರೀಕ್ಷೆಗೂ ಅವಳು ಕೂರುವಂತಿರಲಿಲ್ಲ. ಗರಿಷ್ಠ ಅವಧಿ ಮುಗಿಯುವ ಕಾರಣ ಪದವಿಗೆ ಅರ್ಹತೆ ಕಳೆದುಕೊಂಡಿರುತ್ತಾರೆ. ಇಚ್ಛೆಯಿದ್ದಲ್ಲಿ ಮೊದಲ ಸೆಮಿಸ್ಟರಿಗೆ ಹೊಸದಾಗಿ ಪ್ರವೇಶ ಪಡೆಯಬಹುದು ಎಂದು ಕೊನೆಯ ಸಾಲು. ಫೋನಿನಲ್ಲಿ ಓದಿ ಹೇಳಿದ ನಾಗೇಶ್ ಒಂದು ಮಾತು ಸೇರಿಸಿದ: "ಬೇಜಾರ್ ಮಾಡ್ಕೋಬೇಡಿ ಮೇಡಂ. ಹೊಸದಾಗಿ ಸೇರಿದ್ರೆ ಮೈತ್ರಿ ಮೇಡಂ ಅವರೇ ನಿಮಗೆ ಪಾಠ ಮಾಡ್ತಾರೆ. ಪರಿಚಯದವ್ರು, ಒಳ್ಳೇದೇ ಆಯ್ತಲ್ಲ."

ಹಾಜರಾ ಗ್ಯಾರೇಜಿಗೆ ಹೋದಳು. ರಹೀಂ ಒಂದು ಬೈಕಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕುತ್ತಿದ್ದ. ಅವಳು ನಿಂತೇ ಎಲ್ಲಾ ಹೇಳಿದಳು. ಅವನು ಚೈನು ತಿಕ್ಕುವುದನ್ನು ಬಿಡದೆ ಕೇಳಿದ. ಅಪ್ಪ ಬೈಯುತ್ತಾನೆ, ಆ ಹುಡುಗಿಯನ್ನು ಬೈಯುತ್ತಾನೆ, ಆ ಸರ್ ಅನ್ನು ಬೈಯುತ್ತಾನೆ, ಕೊನೆಗೆ ಎದ್ದು ತಲೆಯ ಮೇಲೆ ಕೈ ಇಡುತ್ತಾನೆ ಎಂದು ಅವಳು ದಾರಿಯುದ್ದಕ್ಕೂ ನೆನೆದುಕೊಂಡು ಬಂದಿದ್ದಳು.

"ನಡುವಿಂದ ಕೇಳಿದ್ರಾ?" ಎಂದ ರಹೀಂ.

"ಹೂಂ ಅಬ್ಬಾ."

"ನಿಂಗೆ ಬರ್ಲಿಲ್ಲ."

"ಮೊದಲಿಂದ ಬಿಟ್ಟಿದ್ರೆ..."

"ಬೇಟಾ, ನಮ್ಮ ಕುರಾನ್ ಪರೀಕ್ಷೆ, ಇಮ್ತಿಹಾನಲ್ಲೂ ಮೊದಲಿಂದ ಕೇಳಲ್ಲ. ಎಲ್ಲಿಂದ ಬೇಕಾದ್ರೂ ಕೇಳ್ತಾರೆ. ಎಲ್ಲಿಂದ ಕೇಳಿದ್ರೂ ಹೇಳ್ಬೇಕು. ಹೇಳಕ್ಕಾಗದೆ ಇರೋದನ್ನ ಕಚ್ಚಾ ಅಂತೀವಿ. ನಿಂದು ಕಚ್ಚಾ ಇತ್ತು."

"ಅವಳಿಗೆ ಗೊತ್ತಿತ್ತು ಅಬ್ಬಾ. ನನ್ನೇ ನೋಡ್ತಾ ಕೂತಿದ್ಲು. ಕೊಡ್ಲಿಲ್ಲ."

ರಹೀಂ ಚೈನನ್ನು ಎತ್ತಿ ಹಿಡಿದ. ಕಪ್ಪು ಎಣ್ಣೆ ಸೋರಿತು. "ಅದು ಅವಳ ಲೆಕ್ಕ. ಅಲ್ಲಾಹ್ ನೋಡ್ಕೋತಾನೆ. ನಿನ್ನ ಲೆಕ್ಕ ನಿಂದು. ನಾಲ್ಕು ವರ್ಷ ಮಾಡಿ ಕಚ್ಚಾ ಇಟ್ಕೊಂಡ್ಯಲ್ಲ, ನಿಮ್ಮಮ್ಮ ಮಂಚದ ಮೇಲಿಂದ ಕೇಳ್ತಿದ್ಲು, ಹಾಜರಾದು ಮುಗೀತಾ, ಹಾಜರಾದು ಮುಗೀತಾ ಅಂತ." ಆಮೇಲೆ ಬಗ್ಗಿ ಮತ್ತೆ ತಿಕ್ಕತೊಡಗಿದ. "ಆ ಬಟ್ಟೆ ಕೊಡು ಈ ಕಡೆ."

ಅವಳು ಬಟ್ಟೆ ಕೊಟ್ಟಳು.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಕೋಣೆಯಲ್ಲಿ ಕೂತವರು ಸುಳ್ಳಿನ ಮೇಲೆ ತೀರ್ಪು ಕೊಟ್ಟಿದ್ದರು. ಅದನ್ನು ಬೈದುಕೊಂಡಾದರೂ ಮಲಗಬಹುದಿತ್ತು. ಅಪ್ಪನದನ್ನು ಏನೂ ಮಾಡುವಂತಿರಲಿಲ್ಲ. ನಂತರದ ದಿನಗಳಲ್ಲಿ ಅವಳು ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ ಆ ಉತ್ತರವನ್ನು ನಡುವಿನಿಂದ ಹಿಡಿಯುವುದನ್ನು ಕಲಿತಳು. ಎರಡನೆಯದರಿಂದ, ಐದನೆಯದರಿಂದ, ನಾಲ್ಕನೆಯದರ ಅರ್ಧದಿಂದ. ಎಲ್ಲಿ ಬೇಕಾದರೂ ಕೈ ಹಾಕಿದರೆ ಸಿಗುತ್ತಿತ್ತು. ಅದನ್ನು ಇನ್ನು ಯಾರೂ ಕೇಳುವವರಿರಲಿಲ್ಲ.

ಗ್ರಂಥಾಲಯದ ಪುಸ್ತಕ ಹಿಂತಿರುಗಿಸಬೇಕೆಂದು ಕಾಲೇಜಿನಿಂದ ಮೆಸೇಜು ಬಂದಾಗ ಹಾಜರಾ ಬೆಳಗಿನ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿಗೆ ಬ್ಯಾಗು ಬಿತ್ತು.

"ಅಂತೂ ಸಿಕ್ದೆ," ಎಂದಳು ಮೈತ್ರಿ. "ಫೋನ್ ಯಾಕೆ ಎತ್ತಲ್ಲ ನೀನು?"

ಹಾಜರಾ ಹೊರಗೆ ನೋಡಿದಳು.

"ಕೋಪ ಬಂದಿರುತ್ತೆ, ಗೊತ್ತು. ಬೈಯಿ. ಆದ್ರೆ ಯೋಚ್ನೆ ಮಾಡು, ಇಬ್ರೂ ಮುಳುಗಿದ್ರೆ ಯಾರಿಗ್ ಲಾಭ ಇತ್ತು? ನೀನೇ ನಿಂತ್ಬಿಟ್ಟೆ ಕಣೆ. ನೀನು ಒಪ್ಪಿಸಿದ್ರೆ ನಾನು ಹೌದು ಅಂತಿದ್ದೆ. ದೇವರಾಣೆ ಅಂತಿದ್ದೆ."

"ಹೌದಾ?"

"ಮತ್ತೆ? ನಾನೇನ್ ರಾಕ್ಷಸೀನಾ?" ಅವಳು ಬ್ಯಾಗಿನಿಂದ ರಟ್ಟು ಹಾಕಿಸಿದ ಪ್ರಬಂಧವನ್ನು ತೆಗೆದಳು. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಆರಿಸಿಕೊಂಡ ವಿಷಯ ಅದು: ಕಾರ್ಖಾನೆಗಳು ಕಾರ್ಮಿಕರ ಮೇಲೆ ನಡೆಸುವ ಇಲಾಖಾ ವಿಚಾರಣೆ. ಅದರ ಅರ್ಧ ಭಾಗಕ್ಕೆ ತೀರ್ಪುಗಳನ್ನು ಹುಡುಕಿಕೊಟ್ಟವಳು ಹಾಜರಾಳೇ. "ಇವತ್ತು ವೈವಾ ಕಣೆ. ಧಾರವಾಡದಿಂದ ಯಾರೋ ಬರ್ತಿದಾರೆ, ಚರ್ಮ ಸುಲೀತಾರಂತೆ. ಇದರಲ್ಲಿ ಹೋದ್ರೆ ಪೋಸ್ಟು ಹೋದ್ಹಾಗೇ. ಸಾರಾಂಶ ಒಪ್ಪಿಸ್ಬೇಕು. ನೆನ್ನೆ ಎಲ್ಲಾ ಓದಿದೆ, ತಲೇಲಿ ನಿಲ್ತಾನೇ ಇಲ್ಲ. ನಿನ್ ಬಿಟ್ರೆ ನಂಗೆ ಹತ್ತಲ್ಲ ಕಣೆ, ನಿಜ. ಸ್ವಲ್ಪ ಕೇಳು. ತಪ್ಪಿದ್ರೆ ಹೇಳು. ಆಗಿದ್ದೆಲ್ಲ ಆಗಿ ಹೋಯ್ತು, ಇದೊಂದು ಮಾಡು ಮಾರಾಯ್ತಿ."

ಪ್ರಬಂಧವನ್ನು ಹಾಜರಾಳ ತೊಡೆಯ ಮೇಲಿಟ್ಟಳು. ಹಾಜರಾ ಅದನ್ನು ತೆರೆಯಲಿಲ್ಲ. ಅದರಲ್ಲಿರುವುದು ಅವಳಿಗೆ ಗೊತ್ತಿತ್ತು.

"ಹೇಳು," ಎಂದಳು.

ಮೈತ್ರಿ ಕಣ್ಣು ಮುಚ್ಚಿ ಶುರುಮಾಡಿದಳು. ಬಸ್ಸು ಕಡದಕಟ್ಟೆಯ ಗೇಟಿನಲ್ಲಿ ನಿಂತಿತು, ರೈಲು ಹೋಯಿತು, ಹೊರಟಿತು. ಮೊದಲ ಅಧ್ಯಾಯ ಸರಿಯಿತ್ತು. ಎರಡನೆಯದರಲ್ಲಿ ಒಂದು ಕಡೆ ತಡವರಿಸಿದಾಗ ಹಾಜರಾ ಮಾತು ಕೊಟ್ಟಳು. ಮೈತ್ರಿ ಕಣ್ಣು ತೆರೆಯದೆಯೇ ನಕ್ಕು ಮುಂದುವರಿದಳು. ಅವಳ ಭುಜ ಸಡಿಲವಾಗಿ ಹಾಜರಾಳ ಭುಜಕ್ಕೆ ಒರಗಿತು. ಮೂರನೆಯದರಲ್ಲಿ ಇಡೀ ಪ್ರಬಂಧದ ತಿರುಳು ಇತ್ತು.

"ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಕಾರ್ಮಿಕನಿಗೆ ಶಿಕ್ಷೆ ವಿಧಿಸಿದ ನಂತರ ಕೊಡತಕ್ಕದ್ದು," ಎಂದಳು ಮೈತ್ರಿ.

ವಿಧಿಸುವ ಮುನ್ನ ಎಂದಿರಬೇಕಿತ್ತು. ಮುನ್ನ ಎನ್ನುವುದಕ್ಕಾಗಿಯೇ ಆ ಪ್ರಬಂಧ ಇದ್ದದ್ದು. ಮೈತ್ರಿಯ ಅಪ್ಪನಿಗೆ ವರದಿ ಸಿಕ್ಕಿದ್ದು ಕೆಲಸ ಹೋದ ಮೇಲೆ. ತಪ್ಪು ಕಿವಿಗೆ ಬಿದ್ದಾಗ ಹಾಜರಾಳ ನಾಲಿಗೆ ಅಭ್ಯಾಸದಂತೆ ಮೇಲೆದ್ದಿತು. ಕೇಳಿದ ತಪ್ಪನ್ನು ಬಾಯಿಬಿಟ್ಟು ತಿದ್ದದೆ ಬಿಟ್ಟರೆ ಅದು ಕೇಳಿದವನ ತಲೆಗೇ ಬರುತ್ತದೆ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಂಡಳು.

ಮೈತ್ರಿ ಒಂದು ಕಣ್ಣು ತೆರೆದಳು. "ಸರಿ ಇದೆ ತಾನೆ? ಇಲ್ಲಿ ಏನೋ ಒಂಥರಾ ಆಯ್ತು."

"ಸರಿ ಇದೆ."

"ನಂತರ ತಾನೆ?"

"ನಂತರ."

"ಅಬ್ಬಾ. ಇದೇ ಕೇಳೋದಂತೆ ಅವ್ರು, ಲಕ್ಷ್ಮೀಕಾಂತ ಸರ್ ಹೇಳಿದಾರೆ." ಮೈತ್ರಿ ಹಾಜರಾಳ ಕೈಯನ್ನು ಹಿಡಿದು ಒತ್ತಿದಳು. "ನೀನು ದೊಡ್ಡ ಮನಸ್ಸಿನವಳು ಕಣೆ."

ಬಸ್ಸು ಮಲವಗೊಪ್ಪದಲ್ಲಿ ಜನರನ್ನು ಇಳಿಸಿತು. ಹಾಜರಾ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ಮೂರನೇದು ಇನ್ನೊಂದ್ಸಲ ಹೇಳು," ಎಂದಳು. "ಮೊದಲಿಂದ ಬೇಡ. ಆ ವರದಿಯ ಪ್ರತಿ ಅನ್ನೋ ಕಡೆಯಿಂದ ಹಿಡಿ. ಎಲ್ಲಿಂದ ಕೇಳಿದ್ರೂ ಬರ್ಬೇಕು."